‘ವೈಯಕ್ತಿಕ ಕಾರಣ’ ಎಂದು ಬರೆದು ಹೊರಡುವವರು: ಬ್ಯಾಂಕ್ ಕೆಲಸ ಬಿಡಲೇ ಎಂದು ಕೇಳಿದ ಅಧಿಕಾರಿಗೆ ಉತ್ತರ

ಪ್ರಶ್ನೆ: ನನಗೆ 29 ವರ್ಷ. ಐಬಿಪಿಎಸ್ ಪರೀಕ್ಷೆ ಬರೆದು ಸಾರ್ವಜನಿಕ ವಲಯದ ಬ್ಯಾಂಕೊಂದರಲ್ಲಿ ಪ್ರೊಬೇಷನರಿ ಅಧಿಕಾರಿಯಾಗಿ ಸೇರಿ ನಾಲ್ಕು ವರ್ಷ ನಾಲ್ಕು ತಿಂಗಳಾಯಿತು. ಮೊದಲ ಎರಡು ವರ್ಷ ಮಹಾರಾಷ್ಟ್ರದ ವಿದರ್ಭದಲ್ಲಿದ್ದೆ. ಈಗ ರಾಯಚೂರು ಜಿಲ್ಲೆಯ ಗ್ರಾಮೀಣ ಶಾಖೆಯಲ್ಲಿದ್ದೇನೆ. ಪತಿ ದಾವಣಗೆರೆಯಲ್ಲಿ ಉಪನ್ಯಾಸಕರು. ಬೆಳಿಗ್ಗೆ ಒಂಬತ್ತೂವರೆಗೆ ಶಾಖೆಗೆ ಹೋದರೆ ರಾತ್ರಿ ಎಂಟಾದರೂ ಏಳುವಂತಿಲ್ಲ. ವಿಮೆ ಮಾರಬೇಕು, ಸುಸ್ತಿದಾರರ ಮನೆಗೆ ಹೋಗಬೇಕು, ಚಿನ್ನದ ಸಾಲಕ್ಕೆ ಸಹಿ ಹಾಕಬೇಕು. ಸಂಜೆಯ ವಿಡಿಯೊ ಸಭೆಯಲ್ಲಿ ಎಲ್ಲರ ಮುಂದೆ ಬೈಸಿಕೊಳ್ಳಬೇಕು. ಭಾನುವಾರ ಸಂಜೆಯಾದರೆ ಹೊಟ್ಟೆಯಲ್ಲಿ ಸಂಕಟ ಶುರುವಾಗುತ್ತದೆ. ನನ್ನ ಜೊತೆ ತರಬೇತಿ ಪಡೆದವರಲ್ಲಿ ಮೂರರಲ್ಲಿ ಒಬ್ಬರಾದರೂ ಕೆಲಸ ಬಿಟ್ಟಿದ್ದಾರೆ. ತಂದೆಯವರು ಕರಾವಳಿಯ ಬ್ಯಾಂಕಿನಲ್ಲಿ 34 ವರ್ಷ ದುಡಿದು ನಿವೃತ್ತರಾದವರು. ‘ಬ್ಯಾಂಕ್ ಕೆಲಸ ಬಿಡುವವರುಂಟೇ? ನಿಮ್ಮ ಕಾಲದವರಿಗೆ ತಾಳ್ಮೆಯಿಲ್ಲ’ ಎನ್ನುತ್ತಾರೆ. ಖಾಸಗಿ ಬ್ಯಾಂಕೊಂದರಿಂದ ಕರೆ ಬಂದಿದೆ. ಇಷ್ಟೊಂದು ಜನ ಏಕೆ ಬಿಡುತ್ತಿದ್ದಾರೆ? ನಾನೇ ದುರ್ಬಲಳೇ? ಬಿಡಲೇ, ಬೇಡವೇ?
– ಹೆಸರು ಬೇಡ, ರಾಯಚೂರು ಜಿಲ್ಲೆ

ಉತ್ತರ: ನಿಮ್ಮ ಪತ್ರದಲ್ಲಿ ಮೂರು ಪ್ರಶ್ನೆಗಳಿವೆ. ನಡುವಿನದಕ್ಕೆ ಮೊದಲು ಉತ್ತರಿಸುತ್ತೇನೆ. ನೀವು ದುರ್ಬಲರಲ್ಲ. ಭಾಷೆ ಬಾರದ ಊರಿನಲ್ಲಿ ಎರಡು ವರ್ಷ ಕೌಂಟರ್ ನಡೆಸಿ, ಅಲ್ಲಿಂದ ಇನ್ನೊಂದು ಕಷ್ಟದ ಶಾಖೆಗೆ ಬಂದು, ಇಷ್ಟು ಸ್ಪಷ್ಟವಾಗಿ ನಿಮ್ಮ ಪರಿಸ್ಥಿತಿಯನ್ನು ಬರೆಯಬಲ್ಲವರನ್ನು ಯಾರೂ ಹಾಗೆನ್ನಲಾರರು.

ನಾನು ಬ್ಯಾಂಕಿನಲ್ಲಿ 31 ವರ್ಷ ಇದ್ದೆ. ಕೊನೆಯ ಒಂಬತ್ತು ವರ್ಷ ಸಿಬ್ಬಂದಿ ವಿಭಾಗದಲ್ಲಿ ಕಳೆದವು. ರಾಜೀನಾಮೆ ಕೊಟ್ಟವರನ್ನು ಬಿಡುಗಡೆಗೆ ಮುನ್ನ ಕರೆದು ಮಾತನಾಡಿಸುವುದು ನನ್ನ ಕೆಲಸಗಳಲ್ಲಿ ಒಂದು. ಅವರು ತುಂಬುವ ನಮೂನೆಯಲ್ಲಿ ‘ಕಾರಣ’ ಎಂಬ ಅಂಕಣವಿತ್ತು. ಹೆಚ್ಚುಕಡಿಮೆ ಎಲ್ಲರೂ ಅಲ್ಲಿ ಬರೆಯುತ್ತಿದ್ದುದು ‘ವೈಯಕ್ತಿಕ ಕಾರಣ’ ಎಂದು. ನಮೂನೆಯನ್ನು ಮಡಚಿಟ್ಟು ಚಹಾ ತರಿಸಿದ ಮೇಲೆಯೇ ನಿಜವಾದ ಮಾತು ಹೊರಬರುತ್ತಿತ್ತು. ಮೊದಮೊದಲು ನಾನೂ ನಿಮ್ಮ ತಂದೆಯವರ ಹಾಗೆಯೇ ಯೋಚಿಸುತ್ತಿದ್ದೆ. ಆ ಮಾತುಗಳನ್ನು ಕೇಳುತ್ತ ಕೇಳುತ್ತ ನನ್ನ ಅಭಿಪ್ರಾಯ ಬದಲಾಯಿತು.

ಒಬ್ಬ ಹುಡುಗನ ಕಥೆ ಹೇಳುತ್ತೇನೆ. ಇಪ್ಪತ್ತೇಳರ ವಯಸ್ಸು, ಕೃಷಿ ಪದವೀಧರ. ಅವನ ಶಾಖೆಯಲ್ಲಿ ಮ್ಯಾನೇಜರ್ ಮತ್ತು ಅವನು, ಇಬ್ಬರೇ ಅಧಿಕಾರಿಗಳು. ತಿಜೋರಿಯ ಒಂದು ಕೀಲಿ ಇವನ ಬಳಿ. ಚಿನ್ನದ ಸಾಲಕ್ಕೆ ಜನ ಸಾಲುಗಟ್ಟುವ ದಿನ ಅಪ್ರೈಸರ್ ಒಡವೆ ಉಜ್ಜಿ ನೋಡಿ ಚೀಟಿ ಬರೆಯುತ್ತಾರೆ, ಇವನು ತೂಕ ನೋಡಿ ಸಹಿ ಹಾಕುತ್ತಾನೆ, ಚೀಲಕ್ಕೆ ಮೊಹರು ಬೀಳುತ್ತದೆ. ಎದುರಿಗೆ ಮೂವತ್ತು ಜನ ನಿಂತಿರುವಾಗ ಪ್ರತಿಯೊಂದು ಒಡವೆಯನ್ನು ಕೈಯಲ್ಲಿ ಹಿಡಿದು ಪರಿಶೀಲಿಸಲು ಅವನಿಗೆ ಪುರುಸೊತ್ತಿರಲಿಲ್ಲ. ಮುಂದೆ ಮರುಪರಿಶೀಲನೆಯಲ್ಲಿ ಎರಡು ಚೀಲಗಳಲ್ಲಿ ನಕಲಿ ಒಡವೆ ಸಿಕ್ಕವು. ಅಪ್ರೈಸರ್ ಊರು ಬಿಟ್ಟ. ವಿವರಣೆ ಕೇಳುವ ನೋಟಿಸು ಬಂದದ್ದು ಈ ಹುಡುಗನಿಗೆ. ವಿಚಾರಣೆಯಲ್ಲಿ ದುರುದ್ದೇಶವಿಲ್ಲವೆಂದು ಸಾಬೀತಾಗಿ ಸಣ್ಣ ಎಚ್ಚರಿಕೆಯೊಂದಿಗೆ ಮುಗಿಯಿತು. ಆದರೂ ಅವನು ಕೆಲಸ ಬಿಟ್ಟ. ‘ಸರ್, ಅಂದಿನಿಂದ ಯಾವ ಕಾಗದಕ್ಕೆ ಸಹಿ ಹಾಕಿದರೂ ಕೈ ನಡುಗುತ್ತದೆ’ ಎಂದು ಹೇಳಿದವನ ಮುಖ ಇಂದಿಗೂ ನನ್ನ ಕಣ್ಣ ಮುಂದಿದೆ. ಅವನ ನಮೂನೆಯಲ್ಲೂ ‘ವೈಯಕ್ತಿಕ ಕಾರಣ’ ಎಂದೇ ಇದೆ.

ಜನ ಏಕೆ ಬಿಡುತ್ತಾರೆ ಎಂಬುದಕ್ಕೆ ನಾನು ಕಂಡುಕೊಂಡ ಉತ್ತರ ಈ ಕಥೆಯಲ್ಲಿದೆ. ಶಾಖೆಯ ಅಧಿಕಾರಿಯ ದಿನವನ್ನು ಅಳೆಯುವುದು ಎಷ್ಟು ವಿಮೆ, ಎಷ್ಟು ಹೊಸ ಖಾತೆ, ಎಷ್ಟು ಅಟಲ್ ಪಿಂಚಣಿ ನೋಂದಣಿ ಎಂಬ ಲೆಕ್ಕದಿಂದ. ಆದರೆ ಅವರ ನೌಕರಿಗೆ ಕುತ್ತು ತರುವುದು ಆ ಲೆಕ್ಕದಲ್ಲಿ ಎಲ್ಲಿಯೂ ಕಾಣದ ಕೆಲಸ: ಕಾಗದಪತ್ರ ಓದುವುದು, ಜಮೀನು ನೋಡಿ ಬರುವುದು, ಒಡವೆ ಪರೀಕ್ಷಿಸುವುದು, ಸಹಿ ಹಾಕುವ ಮೊದಲು ಎರಡು ನಿಮಿಷ ಯೋಚಿಸುವುದು. ಸಮಯವೆಲ್ಲ ಮೊದಲನೆಯದಕ್ಕೆ ಹೋಗುತ್ತದೆ, ಹೊಣೆಯೆಲ್ಲ ಎರಡನೆಯದರಲ್ಲಿ ಉಳಿಯುತ್ತದೆ. ಈ ಎರಡರ ನಡುವೆ ಸಿಕ್ಕಿಕೊಂಡವರು ಒಂದು ದಿನ ಬಿಟ್ಟು ನಡೆಯುತ್ತಾರೆ.

ಇದಕ್ಕೆ ತಾಳ್ಮೆಯ ಕೊರತೆಯೇ ಕಾರಣವೆಂಬ ಮಾತನ್ನು ಸ್ವಲ್ಪ ಪರೀಕ್ಷಿಸೋಣ. ನಿಮ್ಮ ತಂದೆಯವರ ಮೇಲೆ ನನಗೆ ಗೌರವವಿದೆ, ನಾನೂ ಅವರ ತಲೆಮಾರಿನವನೇ. ಕರಾವಳಿಯ ಬ್ಯಾಂಕುಗಳು ಜನರ ನಡುವೆ ಹುಟ್ಟಿದವು. 1906ರಲ್ಲಿ ಮಂಗಳೂರಿನಲ್ಲಿ ಕೆನರಾ, ಅದೇ ವರ್ಷ ಉಡುಪಿಯಲ್ಲಿ ಕಾರ್ಪೊರೇಷನ್, 1925ರಲ್ಲಿ ಉಡುಪಿಯಲ್ಲೇ ಸಿಂಡಿಕೇಟ್, 1931ರಲ್ಲಿ ಮಂಗಳೂರಿನಲ್ಲಿ ವಿಜಯ ಬ್ಯಾಂಕ್. 1928ರಲ್ಲಿ ಸಿಂಡಿಕೇಟ್ ಬ್ಯಾಂಕು ಶುರುಮಾಡಿದ ಪಿಗ್ಮಿ ಠೇವಣಿಯಲ್ಲಿ ಏಜೆಂಟರು ದಿನವೂ ಮನೆಬಾಗಿಲಿಗೆ ಹೋಗಿ ಪುಡಿಗಾಸು ಸಂಗ್ರಹಿಸುತ್ತಿದ್ದರು. ಮನೆಮನೆ ತಿರುಗುವುದು, ಠೇವಣಿ ಕೇಳುವುದು ನಮ್ಮ ಕಾಲದಲ್ಲೂ ಇತ್ತು, ಗುರಿಗಳೂ ಇದ್ದವು. ಆದರೆ ನಾವು ಕೇಳುತ್ತಿದ್ದುದು ನಮ್ಮದೇ ಬ್ಯಾಂಕಿನ ಠೇವಣಿಯನ್ನು. ಕೊಟ್ಟವನಿಗೆ ಅದರಿಂದ ಒಳಿತಾಗುತ್ತದೆಂಬ ನಂಬಿಕೆ ನಮಗಿತ್ತು. ಇಂದು ನಿಮ್ಮ ಕೈಗೆ ಕೊಟ್ಟಿರುವುದು ಬೇರೊಂದು ಕಂಪನಿಯ ವಿಮೆ. ಬೆಳೆ ಸಾಲ ನವೀಕರಣಕ್ಕೆ ಬಂದ ರೈತನಿಗೆ ಅದು ಬೇಕೇ ಬೇಡವೇ ಎಂದು ಕೇಳುವ ಮೊದಲೇ ಸಂಜೆಯ ಸಭೆಯಲ್ಲಿ ಸಂಖ್ಯೆ ಹೇಳಬೇಕು. ಅವನಿಗೆ ಅದು ಬೇಡವೆಂದು ನಿಮಗೆ ಗೊತ್ತಿದ್ದೂ ಮಾರಬೇಕಾದಾಗ ಮನಸ್ಸು ಸೋಲುತ್ತದೆ. ಇದು ತಾಳ್ಮೆಗೆ ಸಂಬಂಧಪಟ್ಟದ್ದಲ್ಲ, ಆತ್ಮಸಾಕ್ಷಿಗೆ ಸಂಬಂಧಪಟ್ಟದ್ದು. ಬ್ಯಾಂಕುಗಳ ಮೂಲಕ ತಪ್ಪು ಮಾಹಿತಿ ಕೊಟ್ಟು ವಿಮೆ ಮಾರುವುದರ ಬಗ್ಗೆ ಹಣಕಾಸು ಸಚಿವರೇ 2024ರಲ್ಲಿ ಬಹಿರಂಗವಾಗಿ ಎಚ್ಚರಿಸಿದ್ದರು.

ಇನ್ನೊಂದು ವ್ಯತ್ಯಾಸವೂ ಇದೆ. ಆ ಕಾಲದ ಶಾಖೆಯಲ್ಲಿ ಮ್ಯಾನೇಜರ್, ಅಕೌಂಟೆಂಟ್, ಹೆಡ್ ಕ್ಯಾಷಿಯರ್, ನಾಲ್ಕಾರು ಗುಮಾಸ್ತರು, ದಫ್ತರಿ, ಜವಾನ ಇರುತ್ತಿದ್ದರು. ಹೊಸಬ ತಪ್ಪಿದರೆ ಹಿಡಿದು ತಿದ್ದುವ ಹಳಬರು ಪಕ್ಕದ ಮೇಜಿನಲ್ಲೇ ಇದ್ದರು. ಕಂಪ್ಯೂಟರ್ ಬಂದು ಲೆಡ್ಜರ್ ಬರೆಯುವ ಶ್ರಮ ತಪ್ಪಿತು, ನಿಜ. ಆದರೆ 2014ರ ಜನಧನ, 2015ರ ಮುದ್ರಾ, ಅಟಲ್ ಪಿಂಚಣಿ, ವರ್ಷಕ್ಕೆ 436 ಮತ್ತು 20 ರೂಪಾಯಿಯ ಎರಡು ವಿಮಾ ಯೋಜನೆಗಳು, 2016ರ ನೋಟು ರದ್ದತಿ, ಆಧಾರ್ ಜೋಡಣೆ, ಮತ್ತೆ ಮತ್ತೆ ಕೆವೈಸಿ, ಇವೆಲ್ಲ ಅದೇ ಕೌಂಟರಿನ ಮೇಲೆ ಬಂದು ಕುಳಿತವು. ಆ ಯೋಜನೆಗಳಿಂದ ಬಡವರಿಗೆ ಉಪಯೋಗವಾಗಿದೆ, ಅದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಆದರೆ ಅದೇ ಅವಧಿಯಲ್ಲಿ ಸಾರ್ವಜನಿಕ ವಲಯದ ಬ್ಯಾಂಕುಗಳ ಒಟ್ಟು ಸಿಬ್ಬಂದಿ ಕುಗ್ಗಿತು. ಗುಮಾಸ್ತರು ನಿವೃತ್ತರಾದರೆ ಆ ಕುರ್ಚಿ ಖಾಲಿ ಉಳಿಯಿತು, ಅವರ ಕೆಲಸ ಅಧಿಕಾರಿಯ ಮೇಜಿಗೆ ಬಂತು.

ಅದರ ಮೇಲೆ ವಿಲೀನಗಳು. 2017ರ ಏಪ್ರಿಲ್ 1ರಂದು ಸ್ಟೇಟ್ ಬ್ಯಾಂಕ್ ಆಫ್ ಮೈಸೂರು, 2019ರ ಏಪ್ರಿಲ್ 1ರಂದು ವಿಜಯ ಬ್ಯಾಂಕ್, 2020ರ ಏಪ್ರಿಲ್ 1ರಂದು ಸಿಂಡಿಕೇಟ್ ಮತ್ತು ಕಾರ್ಪೊರೇಷನ್ ಬ್ಯಾಂಕುಗಳು ದೊಡ್ಡ ಬ್ಯಾಂಕುಗಳಲ್ಲಿ ಸೇರಿಹೋದವು. ಕರ್ನಾಟಕದಲ್ಲಿ ಹುಟ್ಟಿದ ಹೆಸರುಗಳು ಮೂರೇ ವರ್ಷಗಳಲ್ಲಿ ಫಲಕದಿಂದ ಅಳಿದದ್ದರ ನೋವು ನಿಮ್ಮ ಮನೆಯಲ್ಲೂ ಇದ್ದೀತು. ಹೊಸ ಅಧಿಕಾರಿಗೆ ಅದರ ಪರಿಣಾಮ ಬೇರೆ ರೀತಿಯದು. ಬ್ಯಾಂಕು ದೊಡ್ಡದಾದಷ್ಟೂ ವರ್ಗಾವಣೆಯ ಭೂಪಟ ದೊಡ್ಡದಾಗುತ್ತದೆ. ಮಂಗಳೂರಿನ ಪ್ರಧಾನ ಕಚೇರಿಗೆ ಹೋಗಿ ‘ತಾಯಿಗೆ ಹುಷಾರಿಲ್ಲ’ ಎಂದು ಹೇಳಿಕೊಳ್ಳಬಹುದಾಗಿದ್ದ ಕಾಲ ಮುಗಿದು, ಮುಂಬೈಯಲ್ಲೋ ಇನ್ನೆಲ್ಲೋ ಇರುವ, ಮುಖ ಕಾಣದ ಪೋರ್ಟಲ್‌ನಲ್ಲಿ ಅರ್ಜಿ ಹಾಕುವ ಕಾಲ ಬಂದಿದೆ.

ಸಂಬಳ ಕಡಿಮೆಯೆಂದು ಜನ ಬಿಡುತ್ತಾರೆ ಎಂಬ ಮಾತೂ ಇದೆ. ನನ್ನೆದುರು ಕುಳಿತವರಲ್ಲಿ ಸಂಬಳವನ್ನೇ ಮೊದಲ ಕಾರಣವಾಗಿ ಹೇಳಿದವರು ಬಹಳ ಕಡಿಮೆ. 2024ರ ಮಾರ್ಚ್ 8ರಂದು ಸಹಿಯಾದ ವೇತನ ಒಪ್ಪಂದದಲ್ಲಿ 17 ಪ್ರತಿಶತ ಏರಿಕೆಯಾಗಿ, ಮೊದಲ ದರ್ಜೆಯ ಅಧಿಕಾರಿಯ ಆರಂಭದ ಮೂಲವೇತನ 48,480 ರೂಪಾಯಿಗೆ ಬಂತು. ತುಟ್ಟಿಭತ್ಯೆ, ಮನೆಬಾಡಿಗೆ, ಕಡಿಮೆ ಬಡ್ಡಿಯ ಸಿಬ್ಬಂದಿ ಸಾಲ ಇವನ್ನೆಲ್ಲ ಸೇರಿಸಿದರೆ ಇಪ್ಪತ್ತೈದರ ಹರೆಯಕ್ಕೆ ಅದು ಕಳಪೆ ಸಂಬಳವೇನಲ್ಲ. ಹಣದ ವಿಷಯದಲ್ಲಿ ನಿಜವಾದ ಕೊರಗು ಪಿಂಚಣಿಯದು. 2010ರ ಏಪ್ರಿಲ್ 1ಕ್ಕೆ ಮೊದಲು ಸೇರಿದವರಿಗೆ ಖಚಿತ ಪಿಂಚಣಿ ಇದೆ, ನಂತರದವರಿಗೆ, ಮಾರುಕಟ್ಟೆಯ ಏರಿಳಿತಕ್ಕೆ ತಕ್ಕಂತೆ ಮೊತ್ತ ಬದಲಾಗುವ ಎನ್‌ಪಿಎಸ್. ನಿಮ್ಮ ತಂದೆಯವರನ್ನು 34 ವರ್ಷ ಹಿಡಿದು ನಿಲ್ಲಿಸಿದ ಒಂದು ದೊಡ್ಡ ಹಗ್ಗ ನಿಮ್ಮ ಪಾಲಿಗೆ ಇಲ್ಲ. ‘ಇಷ್ಟು ವರ್ಷ ಕಳೆದರೆ ಪಿಂಚಣಿ ಬರುತ್ತದೆ’ ಎಂದು ಹಲ್ಲು ಕಚ್ಚಿ ಕೂರುವ ಕಾರಣವೇ ಇಂದಿನವರಿಗೆ ಸಡಿಲವಾಗಿದೆ. ಈ ವ್ಯತ್ಯಾಸವನ್ನು ಹಿರಿಯರು ಮರೆತು ಮಾತನಾಡುತ್ತಾರೆ, ನಾನೂ ಮರೆತಿದ್ದೆ.

ಈಗ ನಿಮಗೆ ಬಂದಿರುವ ಖಾಸಗಿ ಬ್ಯಾಂಕಿನ ಕರೆಯ ವಿಚಾರ. ಇಲ್ಲಿ ನಾನು ನೇರವಾಗಿ ಎಚ್ಚರಿಸಬೇಕು. ರಿಸರ್ವ್ ಬ್ಯಾಂಕಿನ 2023–24ರ ವರದಿಯ ಪ್ರಕಾರ, ಆ ವರ್ಷ ಖಾಸಗಿ ಬ್ಯಾಂಕುಗಳ ನೌಕರರ ಸಂಖ್ಯೆ ಸಾರ್ವಜನಿಕ ವಲಯದ್ದನ್ನು ಮೀರಿತು. ಅದೇ ವರದಿ, ಖಾಸಗಿ ಬ್ಯಾಂಕುಗಳಲ್ಲಿ ಕೆಲಸ ಬಿಡುವವರ ಪ್ರಮಾಣ ಮೂರು ವರ್ಷಗಳಲ್ಲಿ ತೀವ್ರವಾಗಿ ಏರಿ ಸರಾಸರಿ 25 ಪ್ರತಿಶತದ ಸುಮಾರಿಗೆ ಬಂದಿದೆ ಎಂದೂ, ಇದು ಬ್ಯಾಂಕಿನ ಕಾರ್ಯನಿರ್ವಹಣೆಗೇ ಅಪಾಯ ಎಂದೂ ಹೇಳಿತು. ಅಂದರೆ ನಾಲ್ವರಲ್ಲಿ ಒಬ್ಬರು ವರ್ಷದೊಳಗೆ ಹೊರಗೆ. ‘ಇಷ್ಟೊಂದು ಜನ ಏಕೆ ಬಿಡುತ್ತಿದ್ದಾರೆ’ ಎಂಬ ನಿಮ್ಮ ಪ್ರಶ್ನೆ, ನಿಮ್ಮನ್ನು ಕರೆಯುತ್ತಿರುವ ಕಡೆಗೇ ಹೆಚ್ಚು ಒಪ್ಪುತ್ತದೆ.

ಅಲ್ಲಿ ಬಿಡುವವರಲ್ಲಿ ಬಹುಪಾಲು ಆರಂಭದ ಹಂತದವರು, ಅದರಲ್ಲೂ ಮಾರಾಟ ವಿಭಾಗದವರು. ಪದವಿ ಮುಗಿಸಿ ಬಂದ ಹುಡುಗ ಹುಡುಗಿಯರಿಗೆ ‘ರಿಲೇಷನ್‌ಶಿಪ್ ಆಫೀಸರ್’ ಎಂಬ ಹುದ್ದೆ ಕೊಟ್ಟು, ಕ್ರೆಡಿಟ್ ಕಾರ್ಡ್, ವಿಮೆ, ಉಳಿತಾಯ ಖಾತೆಗಳ ಸಂಖ್ಯೆ ಕೊಡುತ್ತಾರೆ. ಮೊದಲು ಅಪ್ಪ, ಅಮ್ಮ, ಚಿಕ್ಕಪ್ಪ, ಸ್ನೇಹಿತರ ಹೆಸರಿನಲ್ಲಿ ಗುರಿ ಮುಟ್ಟುತ್ತದೆ. ಪರಿಚಯದವರು ಮುಗಿದ ತಿಂಗಳಿಗೆ ಸಂಖ್ಯೆ ನಿಲ್ಲುತ್ತದೆ. ಆಗ ಪಕ್ಕದ ಬ್ಯಾಂಕಿನವರು ತುಸು ಹೆಚ್ಚು ಸಂಬಳಕ್ಕೆ ಕರೆಯುತ್ತಾರೆ, ಇವರು ಹೋಗುತ್ತಾರೆ, ಅಲ್ಲಿಯೂ ಅದೇ ಕಥೆ. ಖಾಸಗಿ ವಲಯದಲ್ಲಿ ಒಳ್ಳೆಯ ಕೆಲಸಗಳಿಲ್ಲವೆಂದು ನಾನು ಹೇಳುತ್ತಿಲ್ಲ. ಸಾಲ ಪರಿಶೀಲನೆ, ವಿದೇಶಿ ವಿನಿಮಯ, ಅಪಾಯ ನಿರ್ವಹಣೆ, ನಿಯಮಪಾಲನೆ, ಟ್ರೆಷರಿ ವಿಭಾಗಗಳಿಗೆ ಹೋಗಿ ಚೆನ್ನಾಗಿರುವವರನ್ನು ಬಲ್ಲೆ. ಆದ್ದರಿಂದ ಕರೆ ಯಾವ ಕುರ್ಚಿಗೆ ಬಂದಿದೆ ಎಂಬುದನ್ನು ಮೊದಲು ನೋಡಿ. ಸಂದರ್ಶನದಲ್ಲಿ ಕೇಳಿ: ಈ ಕುರ್ಚಿಯಲ್ಲಿ ನನಗಿಂತ ಮೊದಲು ಯಾರಿದ್ದರು, ಎಷ್ಟು ತಿಂಗಳಿದ್ದರು, ಈಗ ಎಲ್ಲಿದ್ದಾರೆ? ಸಂಬಳದಲ್ಲಿ ಖಚಿತವಾದದ್ದೆಷ್ಟು, ಗುರಿ ಮುಟ್ಟಿದರೆ ಮಾತ್ರ ಸಿಗುವುದೆಷ್ಟು? ಈ ಪ್ರಶ್ನೆಗಳಿಗೆ ಉತ್ತರ ಹೇಳಲು ಅವರು ಹಿಂಜರಿದರೆ ಅದನ್ನೇ ಉತ್ತರವೆಂದು ತಿಳಿಯಿರಿ.

ಬಿಡುವ ಮಾತಿಗೆ ಬರುವ ಮೊದಲು, ಇರುವಷ್ಟು ದಿನ ನಿಮ್ಮನ್ನು ನೀವು ಕಾಪಾಡಿಕೊಳ್ಳುವುದು ಹೇಗೆಂದು ಹೇಳಬೇಕು. ಇದನ್ನು ತರಬೇತಿಯಲ್ಲಿ ಒಂದು ಗಂಟೆಯಲ್ಲಿ ಓದಿ ಮುಗಿಸುತ್ತಾರೆ, ಆಮೇಲೆ ಯಾರಿಗೂ ನೆನಪಿರುವುದಿಲ್ಲ.

ರಾಷ್ಟ್ರೀಕೃತ ಬ್ಯಾಂಕುಗಳ ಅಧಿಕಾರಿಗಳಿಗೆ 1976ರ ನಡತೆ ನಿಯಮಗಳಿವೆ. ಅದರಲ್ಲಿ ಒಂದು ಉಪನಿಯಮ ನಿಮ್ಮಂಥವರ ರಕ್ಷಣೆಗೆಂದೇ ಇದೆ. ಅಧಿಕಾರಿ ತನ್ನ ವಿವೇಚನೆಯಂತೆ ನಡೆಯಬೇಕು. ಮೇಲಧಿಕಾರಿಯ ಆದೇಶದಂತೆ ನಡೆಯಬೇಕಾದರೆ ಆ ಆದೇಶ ಸಾಮಾನ್ಯವಾಗಿ ಲಿಖಿತವಾಗಿರಬೇಕು. ಅನಿವಾರ್ಯವಾಗಿ ಬಾಯಿಮಾತಿನಲ್ಲಿ ಹೇಳಿದರೆ ಅನಂತರ ಬರೆದು ದೃಢಪಡಿಸಬೇಕು, ಆದೇಶ ಪಡೆದವರೂ ಆದಷ್ಟು ಬೇಗ ಆ ದೃಢೀಕರಣವನ್ನು ಕೇಳಿ ಪಡೆಯಬೇಕು. ‘ಈ ಸಾಲ ಇವತ್ತೇ ಮಂಜೂರಾಗಲಿ, ಕಾಗದ ಆಮೇಲೆ ನೋಡೋಣ’ ಎಂದು ದೂರವಾಣಿ ಬಂದ ಕೂಡಲೇ, ‘ತಾವು ಇಂದು ಹೇಳಿದಂತೆ ಮುಂದುವರಿಯುತ್ತಿದ್ದೇನೆ, ಈ ದಾಖಲೆಗಳು ಬಾಕಿ ಇವೆ, ದಯವಿಟ್ಟು ದೃಢಪಡಿಸಿ’ ಎಂದು ವಿನಯದಿಂದ ಎರಡು ಸಾಲಿನ ಇ–ಮೇಲ್ ಕಳಿಸಿ. ಜಗಳವಿಲ್ಲ, ಎದುರುತ್ತರವಿಲ್ಲ. ಅನೇಕ ಬಾರಿ ಆ ಇ–ಮೇಲ್ ಹೋದ ಮೇಲೆ ಆದೇಶವೇ ಹಿಂದೆ ಸರಿದದ್ದನ್ನು ನೋಡಿದ್ದೇನೆ. ನಾನು ನೋಡಿದ ವಿಚಾರಣೆಗಳಲ್ಲಿ ಅಧಿಕಾರಿಯನ್ನು ಉಳಿಸಿದ್ದು ಇಂಥ ಕಾಗದಗಳೇ.

ನಿಮ್ಮ ಬಳಕೆದಾರ ಗುರುತು ಮತ್ತು ಪಾಸ್‌ವರ್ಡ್‌ಗಳನ್ನು ಯಾರಿಗೂ ಕೊಡಬೇಡಿ. ಮ್ಯಾನೇಜರ್‌ಗೂ ಬೇಡ, ಐದು ನಿಮಿಷಕ್ಕೂ ಬೇಡ. ಶಾಖೆಯಲ್ಲಿ ಜನ ಕಡಿಮೆ ಇದ್ದಾಗ ಇದು ಸಹಜವಾಗಿ ನಡೆದುಹೋಗುತ್ತದೆ, ಒಳ್ಳೆಯವರೂ ಕೊಟ್ಟುಬಿಡುತ್ತಾರೆ. ಆದರೆ ಕಂಪ್ಯೂಟರ್‌ನಲ್ಲಿ ದಾಖಲಾಗುವುದು ನಿಮ್ಮ ಹೆಸರು. ನನ್ನ ಅನುಭವದಲ್ಲಿ ಪ್ರಾಮಾಣಿಕರು ನೌಕರಿ ಕಳೆದುಕೊಂಡದ್ದು ಲಂಚದಿಂದಲ್ಲ, ಹೆಚ್ಚಾಗಿ ಈ ಒಂದು ಸಲಿಗೆಯಿಂದ.

ಸಾಲ ವಸೂಲಾಗದಿದ್ದರೆ ತನ್ನ ತಲೆಗೇ ಬರುತ್ತದೆ ಎಂಬ ಭಯವೂ ನಿಮಗಿರಬಹುದು. ಸಾಮಾನ್ಯವಾಗಿ ಕಂತು ತಪ್ಪಿ 90 ದಿನ ದಾಟಿದರೆ, ಬೆಳೆ ಸಾಲವಾದರೆ ಬೆಳೆ ಹಂಗಾಮಿನ ಲೆಕ್ಕದಂತೆ ಅವಧಿ ಮೀರಿದರೆ, ಅದು ವಸೂಲಾಗದ ಸಾಲ, ಅಂದರೆ ಎನ್‌ಪಿಎ ಆಗುತ್ತದೆ, ಅದು ವ್ಯವಹಾರದ ಭಾಗ. ಮಳೆ ಕೈಕೊಟ್ಟರೆ, ಮೆಣಸಿನಕಾಯಿಯ ಬೆಲೆ ಬಿದ್ದರೆ ರಾಯಚೂರಿನ ಸಾಲ ಸುಸ್ತಿಯಾಗುತ್ತದೆ, ಅದಕ್ಕೆ ನೀವು ಹೊಣೆಯಲ್ಲ. 50 ಕೋಟಿ ರೂಪಾಯಿವರೆಗಿನ ಎನ್‌ಪಿಎಗಳಲ್ಲಿ ಸಿಬ್ಬಂದಿಯ ಹೊಣೆಗಾರಿಕೆ ಪರಿಶೀಲಿಸುವುದಕ್ಕೆ ಹಣಕಾಸು ಸಚಿವಾಲಯ ಏಕರೂಪದ ಮಾರ್ಗಸೂಚಿ ಕೊಟ್ಟು, 2022ರ ಏಪ್ರಿಲ್ 1ರಿಂದ ಎನ್‌ಪಿಎ ಆಗುವ ಖಾತೆಗಳಿಗೆ ಅನ್ವಯಿಸಿದೆ. ಸದುದ್ದೇಶದಿಂದ ತೆಗೆದುಕೊಂಡ ನಿರ್ಧಾರಗಳನ್ನು ರಕ್ಷಿಸುವುದೇ ಅದರ ಆಶಯ. ಆದರೆ ಸದುದ್ದೇಶ ಕಾಣುವುದು ಕಡತದಲ್ಲಿ. ಜಮೀನಿಗೆ ಹೋಗಿ ಬಂದ ದಿನಾಂಕ, ಅಲ್ಲಿ ಕಂಡದ್ದು, ನಿಮ್ಮ ಅನಿಸಿಕೆ, ಇಷ್ಟನ್ನು ಪ್ರತಿ ಕಡತದಲ್ಲೂ ನಿಮ್ಮ ಮಾತಿನಲ್ಲೇ ಬರೆದಿಡಿ.

ಇನ್ನು ವರ್ಗಾವಣೆ. ನಿಮ್ಮ ಪತ್ರದಲ್ಲಿ ಒಂದೇ ವಾಕ್ಯದಲ್ಲಿ ಬಂದು ಹೋಗಿರುವ ‘ಪತಿ ದಾವಣಗೆರೆಯಲ್ಲಿ’ ಎಂಬುದು ನನಗೆ ಬಹಳ ಮುಖ್ಯವಾಗಿ ಕಂಡಿತು. ವಿವಾಹಿತ ಮಹಿಳಾ ನೌಕರರನ್ನು ಸಾಧ್ಯವಾದಷ್ಟು ಪತಿಯ ಊರಿನಲ್ಲಿ ಅಥವಾ ಹತ್ತಿರದಲ್ಲಿ ನಿಯೋಜಿಸಬೇಕೆಂದು ಸರ್ಕಾರ 2014ರಲ್ಲೇ ಸಾರ್ವಜನಿಕ ವಲಯದ ಬ್ಯಾಂಕುಗಳಿಗೆ ಸೂಚಿಸಿದೆ. ವರ್ಗಾವಣೆ ನೀತಿಯನ್ನು ಪಾರದರ್ಶಕಗೊಳಿಸುವಂತೆ 2024ರ ನವೆಂಬರ್‌ನಲ್ಲಿ ಮತ್ತೆ ಸಲಹೆ ಹೋಗಿದೆ. ಇವು ಹಕ್ಕುಪತ್ರಗಳಲ್ಲ, ‘ಸಾಧ್ಯವಾದಷ್ಟು’ ಎಂಬ ಮಾತಿನ ಮೇಲೆ ನಿಂತಿವೆ. ಆದರೂ ಅರ್ಜಿಯಲ್ಲಿ ಇವನ್ನು ಉಲ್ಲೇಖಿಸಿ, ವಿವಾಹ ಪ್ರಮಾಣಪತ್ರ ಮತ್ತು ಪತಿಯ ಉದ್ಯೋಗ ಪತ್ರ ಲಗತ್ತಿಸಿ, ಮೂರು ಊರುಗಳ ಆಯ್ಕೆ ಕೊಟ್ಟು ಕೇಳಿದವರಿಗೂ ಬಾಯಿಮಾತಿನಲ್ಲಿ ಗೋಗರೆದವರಿಗೂ ಸಿಕ್ಕ ಉತ್ತರದಲ್ಲಿ ವ್ಯತ್ಯಾಸವಿತ್ತು. ನೀವು ಲಿಖಿತವಾಗಿ ಕೇಳಿದ್ದೀರಾ? ಪತ್ರದಲ್ಲಿ ಆ ಮಾತಿಲ್ಲ. ನನ್ನ ಮುಂದೆ ಕುಳಿತು ಕಣ್ಣೀರು ಹಾಕಿದ ಎಷ್ಟೋ ಮಂದಿ ಒಮ್ಮೆಯೂ ಅರ್ಜಿ ಹಾಕಿರಲಿಲ್ಲ. ‘ಹೇಗಿದ್ದರೂ ಕೊಡುವುದಿಲ್ಲ’ ಎಂದು ತಾವೇ ತೀರ್ಮಾನಿಸಿ ರಾಜೀನಾಮೆಗೆ ಬಂದಿದ್ದರು.

ದಾವಣಗೆರೆಯ ಸುತ್ತಲಿನ ಶಾಖೆಯೊಂದರಲ್ಲಿ, ಒಳ್ಳೆಯ ಮ್ಯಾನೇಜರ್ ಕೈಕೆಳಗೆ ಇದೇ ಕೆಲಸ ಮಾಡುವುದನ್ನು ಕಲ್ಪಿಸಿಕೊಂಡು ನೋಡಿ. ಆಗಲೂ ಹೊಟ್ಟೆಯಲ್ಲಿ ಸಂಕಟವಾಗುತ್ತದೆಯೇ? ಇಲ್ಲವೆಂದಾದರೆ ನಿಮ್ಮನ್ನು ದಣಿಸಿರುವುದು ಊರು ಮತ್ತು ಅಲ್ಲಿನ ಮೇಲಧಿಕಾರಿಗಳು. ಹೌದೆಂದಾದರೆ ಕೆಲಸವೇ ನಿಮಗೆ ಒಗ್ಗುತ್ತಿಲ್ಲ, ಆಗ ವರ್ಗಾವಣೆಯಿಂದ ಆರು ತಿಂಗಳ ನೆಮ್ಮದಿ ಸಿಗಬಹುದು, ಅಷ್ಟೇ.

ಕೆಲಸ ಒಗ್ಗಿ ಊರು ಒಗ್ಗದವರಿಗೆ ನಾನು ಸೂಚಿಸುವ ದಾರಿಯೊಂದಿದೆ, ನಮ್ಮ ಜನ ಅದನ್ನು ಏಕೋ ಕಡಿಮೆಯೆಂದು ಭಾವಿಸುತ್ತಾರೆ. ಅದು ಗ್ರಾಮೀಣ ಬ್ಯಾಂಕು. ಧಾರವಾಡದ ಕರ್ನಾಟಕ ವಿಕಾಸ ಗ್ರಾಮೀಣ ಬ್ಯಾಂಕೂ ಬಳ್ಳಾರಿಯ ಕರ್ನಾಟಕ ಗ್ರಾಮೀಣ ಬ್ಯಾಂಕೂ 2025ರ ಮೇ 1ರಂದು ಒಂದಾಗಿ, ಇಡೀ ರಾಜ್ಯಕ್ಕೆ ಬಳ್ಳಾರಿ ಕೇಂದ್ರವಾಗಿರುವ ಒಂದೇ ಗ್ರಾಮೀಣ ಬ್ಯಾಂಕಾಗಿದೆ. ಕೆನರಾ ಬ್ಯಾಂಕ್ ಅದರ ಪ್ರಾಯೋಜಕ. ವರ್ಗಾವಣೆ ಬೀದರಿನಿಂದ ಚಾಮರಾಜನಗರದವರೆಗೆ ಎಲ್ಲಿಗಾದರೂ ಆಗಬಹುದು, ಆದರೆ ರಾಜ್ಯ ದಾಟುವುದಿಲ್ಲ, ಗ್ರಾಹಕರ ಭಾಷೆ ನಿಮ್ಮದೇ. ವೇತನ ಶ್ರೇಣಿ ಪ್ರಾಯೋಜಕ ಬ್ಯಾಂಕಿನದಕ್ಕೆ ಸಮಾನ. ಆದರೆ ಮೊದಲ ದರ್ಜೆಯ ಅಧಿಕಾರಿಯ ಪರೀಕ್ಷೆಗೆ ವಯೋಮಿತಿ 30, ಮೀಸಲಾತಿಯಿದ್ದರೆ ಸಡಿಲಿಕೆ ಉಂಟು. ನಿಮಗೀಗ 29. ಯೋಚಿಸುತ್ತ ಕೂತರೆ ಈ ಬಾಗಿಲು ಮುಚ್ಚುತ್ತದೆ. ಅರ್ಜಿ ಹಾಕುವಾಗ ಈಗಿನ ಬ್ಯಾಂಕಿಗೆ ತಿಳಿಸಿ ನಿರಾಕ್ಷೇಪಣಾ ಪತ್ರ ಪಡೆಯುವುದನ್ನು ಮರೆಯಬೇಡಿ. ಅಲ್ಲಿಯೂ ಸುಸ್ತಿ ವಸೂಲಿ ಇದೆ, ವಿಮೆಯ ಗುರಿಯೂ ಇದೆ ಎಂಬುದನ್ನು ಮುಚ್ಚಿಡುವುದಿಲ್ಲ.

ಕೆಲವು ಬ್ಯಾಂಕುಗಳಲ್ಲಿ ಮಹಿಳಾ ನೌಕರರಿಗೆ ಕೆಲವು ವರ್ಷಗಳ ಸೇವೆಯ ನಂತರ ದೀರ್ಘ ವೇತನರಹಿತ ರಜೆಯ ಸೌಲಭ್ಯವಿದೆ. ನಿಮ್ಮಲ್ಲಿ ಇದೆಯೇ, ಎಷ್ಟು ಸೇವೆ ಬೇಕು ಎಂದು ಸಿಬ್ಬಂದಿ ವಿಭಾಗದಲ್ಲಿ ವಿಚಾರಿಸಿ.

ಕೊನೆಗೆ ಬಿಡುವುದೇ ಸರಿ ಎನಿಸಿದರೆ ಬಿಡಿ. ಅದರಲ್ಲಿ ನಾಚಿಕೆಯ ಮಾತೇ ಇಲ್ಲ. ಆದರೆ ಲೆಕ್ಕ ಹಾಕಿ ಬಿಡಿ. ಇಷ್ಟು ವರ್ಷ ಇರುತ್ತೇನೆ, ಇಲ್ಲವಾದರೆ ಹಣ ಕಟ್ಟುತ್ತೇನೆ ಎಂದು ಸೇರುವಾಗ ಬರೆದುಕೊಡುವ ಕಾಗದವೇ ಬಾಂಡ್. ‘ಬಾಂಡ್‌ಗೆ ಕಾನೂನಿನ ಬೆಲೆಯಿಲ್ಲ’ ಎಂಬ ಮಾತನ್ನು ನಿಮ್ಮ ಗೆಳೆಯರು ಹೇಳಿರಬಹುದು. ಅದು ತಪ್ಪು. ವಿಜಯ ಬ್ಯಾಂಕಿನ ಅಧಿಕಾರಿಯೊಬ್ಬರು ಮೂರು ವರ್ಷ ತುಂಬುವ ಮೊದಲೇ ಬೇರೆ ಬ್ಯಾಂಕಿಗೆ ಹೋದಾಗ ಷರತ್ತಿನಂತೆ ಎರಡು ಲಕ್ಷ ರೂಪಾಯಿ ಕಟ್ಟಬೇಕಾಯಿತು. ಅವರು ನ್ಯಾಯಾಲಯಕ್ಕೆ ಹೋದರು. ಕರ್ನಾಟಕ ಹೈಕೋರ್ಟಿನಲ್ಲಿ ಗೆದ್ದರು, ಆದರೆ 2025ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಬ್ಯಾಂಕಿನ ಷರತ್ತನ್ನು ಎತ್ತಿಹಿಡಿಯಿತು. ಸಾರ್ವಜನಿಕ ಹಣದಿಂದ ನೇಮಕಾತಿ ನಡೆಸುವ ಸಂಸ್ಥೆ ಇಂಥ ಷರತ್ತು ಹಾಕುವುದು ಗುತ್ತಿಗೆ ಕಾಯ್ದೆಗೆ ವಿರುದ್ಧವಲ್ಲ ಎಂಬುದು ಅದರ ನಿಲುವು. ನಿಮ್ಮ ಬಾಂಡ್ ಮೂರು ವರ್ಷದ್ದಾಗಿದ್ದರೆ ಮುಗಿದಿರುತ್ತದೆ. ಕಾಗದ ತೆಗೆದು ಒಮ್ಮೆ ಓದಿ.

ಗ್ರಾಚ್ಯುಟಿಗೆ ಐದು ವರ್ಷದ ಸೇವೆ ಬೇಕು. ನಿಮಗೆ ಇನ್ನು ಎಂಟು ತಿಂಗಳು ಬಾಕಿ. ಬೇರೆ ಕಾರಣವಿಲ್ಲದಿದ್ದರೂ ಆ ಎಂಟು ತಿಂಗಳನ್ನು ವರ್ಗಾವಣೆಯ ಪ್ರಯತ್ನಕ್ಕೂ ಪರೀಕ್ಷೆಗೂ ಬಳಸಬಹುದು. ಅಧಿಕಾರಿಯ ರಾಜೀನಾಮೆಗೆ ಮೂರು ತಿಂಗಳ ಮುಂಗಡ ಸೂಚನೆ ಬೇಕು. ಇಲಾಖಾ ವಿಚಾರಣೆ ಬಾಕಿಯಿದ್ದರೆ ಬ್ಯಾಂಕಿನ ಅನುಮತಿಯಿಲ್ಲದೆ ಬಿಡುವಂತಿಲ್ಲ. ಒಪ್ಪಿಗೆಯಾಗುವ ಮೊದಲು ರಾಜೀನಾಮೆಯನ್ನು ಹಿಂಪಡೆಯಬಹುದು, ಒಪ್ಪಿದ ಮೇಲೆ ಅದು ಬಹಳ ಕಷ್ಟ. ಆದ್ದರಿಂದ ಬೈಸಿಕೊಂಡ ಸಂಜೆ ಬರೆಯಬೇಡಿ. ಸಿಬ್ಬಂದಿ ಸಾಲವಿದ್ದರೆ ಬಿಟ್ಟ ದಿನದಿಂದ ರಿಯಾಯಿತಿ ಬಡ್ಡಿ ಹೋಗುತ್ತದೆ, ಕೆಲವು ಸಾಲಗಳನ್ನು ಕೂಡಲೇ ತೀರಿಸಬೇಕಾಗುತ್ತದೆ. ಮನೆ ಸಾಲ ಮಾಡಿದ್ದ ದಂಪತಿಗೆ ಹೊಸ ಕಂತಿನ ಮೊತ್ತ ತೋರಿಸಿದಾಗ ಅವರು ಮಾತಿಲ್ಲದೆ ಕುಳಿತದ್ದು ನನಗೆ ನೆನಪಿದೆ. ಎನ್‌ಪಿಎಸ್ ಖಾತೆಯನ್ನು ಮುಚ್ಚಬೇಡಿ, ಅದೇ ಸಂಖ್ಯೆ ಹೊಸ ಉದ್ಯೋಗದಲ್ಲೂ ಮುಂದುವರಿಯುತ್ತದೆ. ಕೈಯಲ್ಲಿ ಹೊಸ ನೇಮಕಾತಿ ಪತ್ರವಿಲ್ಲದೆ ಬಿಡುವುದಾದರೆ ಕನಿಷ್ಠ ಎಂಟು ಹತ್ತು ತಿಂಗಳ ಮನೆಖರ್ಚು ಬೇರೆಯಾಗಿಟ್ಟಿರಿ.

ಇಷ್ಟೆಲ್ಲ ಲೆಕ್ಕದ ನಡುವೆಯೂ ಒಂದು ವಿಷಯ ಎಲ್ಲಕ್ಕಿಂತ ಮೊದಲು. ಭಾನುವಾರದ ಸಂಕಟ ವಾರವಿಡೀ ಹಬ್ಬಿದ್ದರೆ, ನಿದ್ದೆ ಕೆಟ್ಟಿದ್ದರೆ, ಬದುಕೇ ಬೇಡವೆನಿಸುವ ಯೋಚನೆ ಒಮ್ಮೆಯಾದರೂ ಬಂದಿದ್ದರೆ, ಗ್ರಾಚ್ಯುಟಿ, ಬಾಂಡ್, ಪರೀಕ್ಷೆ ಎಲ್ಲವನ್ನೂ ಬದಿಗಿಡಿ. ಇವತ್ತೇ ಪತಿಗೆ ಹೇಳಿ, ವೈದ್ಯರನ್ನು ಕಾಣಿ, ವೈದ್ಯಕೀಯ ರಜೆ ಹಾಕಿ. ಕೇಂದ್ರ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಯಾವ ಹೊತ್ತಿನಲ್ಲಾದರೂ ಕರೆ ಮಾಡಬಹುದು, ಕನ್ನಡದಲ್ಲಿ ಮಾತನಾಡುತ್ತಾರೆ. ಬೆಂಗಳೂರಿನ ನಿಮ್ಹಾನ್ಸ್ ಅದರ ಹಿಂದಿದೆ. ಸಹೋದ್ಯೋಗಿಗಳನ್ನು ಕಳೆದುಕೊಂಡ ಮೇಲೆ ‘ಮೊದಲೇ ಹೇಳಬಾರದಿತ್ತೇ’ ಎಂದು ಕೊರಗಿದ ಶಾಖೆಗಳನ್ನು ಕಂಡಿದ್ದೇನೆ, ಅದಕ್ಕಾಗಿ ಇಷ್ಟು ಒತ್ತಿ ಹೇಳುತ್ತಿದ್ದೇನೆ.

ಸಭೆಯಲ್ಲಿ ಬೈಗುಳ ಕೆಲಸದ ಮಿತಿ ದಾಟಿ ವೈಯಕ್ತಿಕವಾದರೆ ದಿನಾಂಕ, ಸಮಯ, ಆಡಿದ ಮಾತು, ಹಾಜರಿದ್ದವರ ಹೆಸರು ಬರೆದಿಡಿ. ಮಾತು ಅಥವಾ ವರ್ತನೆ ಲೈಂಗಿಕ ಕಿರುಕುಳದ ಸ್ವರೂಪದ್ದಾದರೆ, ಅದನ್ನು ತಡೆಯುವ 2013ರ ಕಾಯ್ದೆಯಡಿ ಪ್ರತಿ ಬ್ಯಾಂಕಿನಲ್ಲೂ ಇರುವ ಆಂತರಿಕ ಸಮಿತಿಗೆ ದೂರು ಕೊಡಬಹುದು. ಅಧಿಕಾರಿಗಳ ಸಂಘದ ಸದಸ್ಯತ್ವ ನಿಮಗಿದ್ದರೆ ಅವರನ್ನೂ ಜೊತೆಗೆ ಕರೆದುಕೊಳ್ಳಿ, ಒಬ್ಬರೇ ಹೋಗಬೇಡಿ.

ತಂದೆಯವರ ಜೊತೆ ವಾದ ಮಾಡಬೇಡಿ. ನಾನೊಬ್ಬ ಅಧಿಕಾರಿಗೆ ಹೇಳಿಕೊಟ್ಟದ್ದನ್ನು ನಿಮಗೂ ಹೇಳುತ್ತೇನೆ. ನಿವೃತ್ತ ಬ್ಯಾಂಕರ್ ಆಗಿದ್ದ ಅವರ ತಂದೆ ಹಳಿಯಾಳದ ಕಡೆಯ ಒಂದು ಶಾಖೆಗೆ ಬಂದು, ಗ್ರಾಹಕರ ಬೆಂಚಿನ ಮೇಲೆ ಬೆಳಿಗ್ಗೆಯಿಂದ ಬಾಗಿಲು ಹಾಕುವವರೆಗೆ ಕುಳಿತಿದ್ದರು. ಮಧ್ಯಾಹ್ನ ಮೂರೂವರೆಗೆ ಮಗ ಡಬ್ಬಿ ತೆರೆದದ್ದನ್ನೂ, ಎರಡು ತುತ್ತಿಗೆ ಮುಚ್ಚಿ ಎದ್ದು ಕೌಂಟರಿಗೆ ಹೋದದ್ದನ್ನೂ ನೋಡಿದರು. ರಾತ್ರಿ ಮನೆಗೆ ನಡೆಯುತ್ತ ಅವರು ಕೇಳಿದ ಒಂದೇ ಪ್ರಶ್ನೆ: ‘ನಿಮ್ಮ ಶಾಖೆಯಲ್ಲಿ ಹೆಡ್ ಕ್ಯಾಷಿಯರ್ ಯಾರೂ ಇಲ್ಲವೇ?’ ಅಲ್ಲಿಂದ ಅಪ್ಪ ಮಗನ ಮಾತು ಶುರುವಾಯಿತು, ವರ್ಗಾವಣೆ ಅರ್ಜಿಯ ಕರಡನ್ನು ಬರೆದುಕೊಟ್ಟವರೂ ಆ ತಂದೆಯೇ. ನಿಮ್ಮ ತಂದೆಯವರನ್ನೂ ಒಂದು ಸೋಮವಾರ ರಾಯಚೂರಿಗೆ ಕರೆಸಿಕೊಳ್ಳಿ.